ಒಂದು ಎಲೆ, ಮೂರು ಬೆಳಕು: ಎಣ್ಣೆಬಣ್ಣದಲ್ಲಿ ಎಲೆ ಬರೆಯುವ ಸರಳ ಕ್ರಮ

ಎಣ್ಣೆಬಣ್ಣದಲ್ಲಿ ಚಿತ್ರ ಬರೆಯಲು ತೊಡಗಿದವರನ್ನು ಹೆಚ್ಚು ಕಾಡುವ ಬಣ್ಣ ಹಸಿರು. ದಾಸವಾಳದ ಕೆಂಪು, ಆಕಾಶದ ನೀಲಿ, ಮಣ್ಣಿನ ಕಂದು ಇವು ಟ್ಯೂಬಿನಿಂದ ಹೊರಬಂದ ರೂಪದಲ್ಲೇ ಹೆಚ್ಚುಕಡಿಮೆ ನಂಬುವಂತಿರುತ್ತವೆ. ಟ್ಯೂಬಿನ ಹಸಿರು ಮಾತ್ರ ಎಲೆಯ ಆಕಾರದೊಳಗೆ ಕೂತ ಕೂಡಲೇ ಪ್ಲಾಸ್ಟಿಕ್ ತೋರಣದ ಹಸಿರಿನಂತೆ ಕಾಣತೊಡಗುತ್ತದೆ. ಅದನ್ನು ಸರಿಪಡಿಸಲು ಬೆಳಕಿನ ಭಾಗಕ್ಕೆ ಬಿಳಿಯನ್ನೂ ನೆರಳಿನ ಭಾಗಕ್ಕೆ ಕಪ್ಪನ್ನೂ ಬೆರೆಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಆದರೆ ಹಾಗೆ ಮಾಡಿದಾಗ ಬೆಳಕು ಪೇಲವವಾಗುತ್ತದೆ, ನೆರಳು ಕೊಳೆಯಾಗುತ್ತದೆ, ಎಲೆಯ ಜೀವಂತಿಕೆ ಇನ್ನಷ್ಟು ದೂರವಾಗುತ್ತದೆ. ಇದು ಕೈಚಳಕದ ಕೊರತೆಯಿಂದ ಆಗುವ ತೊಂದರೆ ಎಂದು ಬಹಳ ಮಂದಿ ಭಾವಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದು ನೋಟಕ್ಕೆ ಸಂಬಂಧಿಸಿದ ತೊಂದರೆ. ಎಲೆಯ ಯಾವ ಭಾಗದಿಂದ ಯಾವ ಬಗೆಯ ಬೆಳಕು ನಮ್ಮ ಕಣ್ಣಿಗೆ ಬರುತ್ತಿದೆ ಎಂಬುದನ್ನು ಗುರುತಿಸಿಕೊಂಡರೆ, ಉಳಿದದ್ದನ್ನು ಮೂರ್ನಾಲ್ಕು ಸರಳ ತಂತ್ರಗಳಿಂದ ಸಾಧಿಸಬಹುದು.

ಎಲೆಯಿಂದ ಕಣ್ಣಿಗೆ ಬರುವ ಬೆಳಕು ಮೂರು ಬಗೆಯದು. ಎಲೆಯ ಮೇಲ್ಮೈಯಲ್ಲಿ ಮೇಣದಂಥ ತೆಳುವಾದ ಪದರವಿರುತ್ತದೆ. ಅದರ ಮೇಲೆ ಬಿದ್ದ ಬೆಳಕಿನ ಒಂದು ಪಾಲು ಒಳಗೆ ಹೋಗದೆ ಹಾಗೆಯೇ ಪ್ರತಿಫಲಿಸುತ್ತದೆ. ಒಳಗಿನ ಪತ್ರಹರಿತ್ತನ್ನು ಮುಟ್ಟದ ಈ ಬೆಳಕಿನಲ್ಲಿ ಹಸಿರು ಇರುವುದಿಲ್ಲ. ಅದರಲ್ಲಿರುವುದು ಆಕಾಶದ ಬಣ್ಣ. ಹಲಸಿನ ಎಲೆಯ ಅಥವಾ ಮಾವಿನ ಬಲಿತ ಎಲೆಯ ಹೊಳಪು ನೀಲಿ ಬೆರೆತ ಬೂದುಬಣ್ಣದಲ್ಲಿ ಕಾಣುವುದು ಇದೇ ಕಾರಣದಿಂದ. ಎರಡನೆಯ ಪಾಲು ಎಲೆಯೊಳಗೆ ಹೋಗುತ್ತದೆ. ಅಲ್ಲಿ ಪತ್ರಹರಿತ್ತು ಅದರ ಕೆಂಪು ಮತ್ತು ನೀಲಿ ಅಂಶಗಳನ್ನು ಹೀರಿಕೊಳ್ಳುತ್ತದೆ, ಉಳಿದದ್ದು ಚದುರಿ ಮೇಲೆ ಮರಳುತ್ತದೆ. ನಾವು ಎಲೆಯ ಬಣ್ಣವೆಂದು ಕರೆಯುವ ಸಾಧಾರಣ ಹಸಿರು ಇದೇ. ಮೂರನೆಯ ಪಾಲು ಎಲೆಯನ್ನು ತೂರಿಕೊಂಡು ಇನ್ನೊಂದು ಬದಿಯಿಂದ ಹೊರಬರುತ್ತದೆ. ಸೂರ್ಯ ಎಲೆಯ ಹಿಂದಿರುವಾಗ ಕಾಣುವ ಹಳದಿ ಮಿಶ್ರಿತ, ಬೆಚ್ಚನೆಯ, ಒಳಗಿನಿಂದಲೇ ಉರಿಯುವಂತಿರುವ ಹಸಿರು ಈ ಮೂರನೆಯದು. ಆಕಾಶದ ಹೊಳಪು, ಎಲೆಯ ಸ್ವಂತ ಬಣ್ಣ, ತೂರಿಬಂದ ಬೆಳಕು ಈ ಮೂರನ್ನೂ ಒಂದೇ ಹಸಿರಿಗೆ ಬಿಳಿ ಬೆರೆಸಿ ತೋರಿಸಲು ಹೊರಟಾಗಲೇ ಚಿತ್ರ ಕೆಡುತ್ತದೆ.

ಇದನ್ನು ಕಣ್ಣಾರೆ ನೋಡಲು ದೂರ ಹೋಗಬೇಕಾಗಿಲ್ಲ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಿಗ್ಗೆ ಬಿಸಿಲು ಇನ್ನೂ ಓರೆಯಾಗಿರುವಾಗ ಒಂದು ಹೊಂಗೆಯ ಮರದ ಪೂರ್ವಕ್ಕೂ ಪಶ್ಚಿಮಕ್ಕೂ ನಿಂತು ಅದೇ ಕೊಂಬೆಯನ್ನು ಎರಡು ಸಲ ನೋಡಿದರೆ ಸಾಕು. ಸೂರ್ಯನಿಗೆ ಬೆನ್ನು ಮಾಡಿ ನೋಡಿದಾಗ ಎಲೆಗಳು ಗಾಢವಾಗಿಯೂ ಹೊಳಪಾಗಿಯೂ ಕಾಣುತ್ತವೆ. ಸೂರ್ಯನ ಕಡೆಗೆ ಮುಖ ಮಾಡಿದಾಗ ಅವೇ ಎಲೆಗಳು ಹಳದಿಗೆ ತಿರುಗಿರುತ್ತವೆ. ಒಂದರ ಮೇಲೊಂದು ಬಿದ್ದಿರುವ ಕಡೆ ಮಾತ್ರ ಅವುಗಳ ಅಂಚು ಗಾಢ ಗೆರೆಯಾಗಿ ಮೂಡಿರುತ್ತದೆ. ನಡುಮಧ್ಯಾಹ್ನದ ನೆತ್ತಿಯ ಬಿಸಿಲಿನಲ್ಲಿ ಈ ವ್ಯತ್ಯಾಸ ಕರಗಿಹೋಗುವುದರಿಂದ ಎಲೆಗಳ ಅಭ್ಯಾಸಕ್ಕೆ ಆ ಹೊತ್ತು ಒಳ್ಳೆಯದಲ್ಲ. ಎಲೆಯ ಬೆನ್ನನ್ನೂ ಮರೆಯದೆ ನೋಡಬೇಕು. ಅಲ್ಲಿ ಅಂಗಾಂಶದ ನಡುವೆ ಗಾಳಿಯ ಸಂದುಗಳಿದ್ದು ಬೆಳಕು ಹೆಚ್ಚು ಚದುರುವುದರಿಂದ ಆ ಬದಿ ತಿಳಿಯಾಗಿ, ಹೊಳಪಿಲ್ಲದೆ, ಸ್ವಲ್ಪ ಬೂದಿಯಾಗಿ ಕಾಣುತ್ತದೆ. ಗಾಳಿಗೆ ತಿರುಗಿದ ನಾಲ್ಕಾರು ಎಲೆಗಳ ಬೆನ್ನನ್ನು ಬೇರೆ ಬಣ್ಣದಲ್ಲಿ ತೋರಿಸಿದರೂ ಕೊಂಬೆ ಅಲುಗಾಡುತ್ತಿರುವ ಭಾವ ಬರುತ್ತದೆ.

ಹಸಿರು ಚಿತ್ರಕಾರರನ್ನು ಕಾಡಿದ್ದು ಇಂದು ನಿನ್ನೆಯಲ್ಲ. ಯೂರೋಪಿನ ಹಳೆಯ ಎಣ್ಣೆಬಣ್ಣದ ಚಿತ್ರಗಳಲ್ಲಿ ತಾಮ್ರದ ಕಿಲುಬಿನಿಂದ ತಯಾರಿಸಿದ ಹಸಿರನ್ನು ಬಳಸುತ್ತಿದ್ದರು; ಅದು ಕಾಲಾಂತರದಲ್ಲಿ ಅನೇಕ ಕಡೆ ಕಂದಾಗಿದೆ. ಇನ್ನು ಕೆಲವರು ನೀಲಿಯ ಮೇಲೆ ಸಸ್ಯಮೂಲದ ಹಳದಿಯನ್ನು ತೆಳುವಾಗಿ ಹರಡಿ ಹಸಿರನ್ನು ಸಾಧಿಸಿದರು. ಡಚ್ ಹೂಚಿತ್ರಗಳ ಪ್ರಸಿದ್ಧ ಕಲಾವಿದ ಯಾನ್ ವಾನ್ ಹ್ಯೂಸಮ್‌ನ ಕೃತಿಗಳಲ್ಲಿ ಆ ಹಳದಿ ಮಾಸಿಹೋಗಿ, ಹಸಿರಾಗಿದ್ದ ಎಲೆಗಳು ಇಂದು ನೀಲಿಯಾಗಿ ಕಾಣುತ್ತಿವೆ. 1859ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಪಡೆದ ತಯಾರಿಕೆಯ ಕ್ರಮದಿಂದ ವಿರಿಡಿಯನ್ ಎಂಬ ಕ್ರೋಮಿಯಂ ಮೂಲದ ಹಸಿರು ಎಲ್ಲರಿಗೂ ದಕ್ಕುವಂತಾದ ಮೇಲೆ, ಪಾರದರ್ಶಕವೂ ಬಾಳಿಕೆಯುಳ್ಳದ್ದೂ ಆದ ಹಸಿರೊಂದು ಚಿತ್ರಕಾರರಿಗೆ ಸಿಕ್ಕಿತು. ಅದಕ್ಕೂ ಮುಂಚೆ, 1841ರಲ್ಲಿ, ಜಾನ್ ಗಾಫ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರ ತವರದ ಟ್ಯೂಬಿಗೆ ಪೇಟೆಂಟ್ ಪಡೆದಿದ್ದ. ಎಣ್ಣೆಬಣ್ಣವನ್ನು ಮರದ ಕೆಳಗೆ ಹೊತ್ತೊಯ್ದು ಎಲೆಗಳನ್ನು ಎದುರಿಗೇ ನೋಡಿ ಬರೆಯುವುದು ಸುಲಭವಾದದ್ದು ಆ ಟ್ಯೂಬಿನಿಂದ. ಈ ಇತಿಹಾಸದಿಂದ ನಾವು ಇಟ್ಟುಕೊಳ್ಳಬೇಕಾದ ಎಚ್ಚರವೊಂದಿದೆ: ಟ್ಯೂಬ್ ಕೊಳ್ಳುವಾಗ ಅದರ ಮೇಲೆ ಬೆಳಕಿಗೆ ಮಾಸದಿರುವ ಗುಣದ ಗುರುತು ಇದೆಯೇ ಎಂದು ನೋಡಿಕೊಳ್ಳಬೇಕು. ಸ್ಯಾಪ್ ಗ್ರೀನ್ ಎಂಬ ಹೆಸರಿನಲ್ಲಿ ಮಾರಾಟವಾಗುವುದು ಇಂದು ಒಂದೊಂದು ಕಂಪನಿಯದು ಒಂದೊಂದು ಮಿಶ್ರಣವಾದ್ದರಿಂದ ಈ ಪರಿಶೀಲನೆ ಅದಕ್ಕೆ ವಿಶೇಷವಾಗಿ ಅಗತ್ಯ.

ಬಣ್ಣಗಳ ಸಂಖ್ಯೆ ಕಡಿಮೆಯಿದ್ದಷ್ಟೂ ಒಳ್ಳೆಯದು. ಲೆಮನ್ ಯೆಲ್ಲೋ, ಯೆಲ್ಲೋ ಆಕರ್ (ಮಣ್ಣಿನ ಹಳದಿ), ಅಲ್ಟ್ರಾಮರೀನ್ ನೀಲಿ, ವಿರಿಡಿಯನ್, ಬರ್ನ್ಟ್ ಸಿಯೆನ್ನಾ (ಕೆಂಪು ಬೆರೆತ ಕಂದು), ಅಲಿಝರಿನ್ ಕ್ರಿಮ್ಸನ್ (ಕಡುಗೆಂಪು) ಮತ್ತು ಟೈಟೇನಿಯಂ ವೈಟ್ ಈ ಏಳರಿಂದ ನಮ್ಮ ಕಡೆಯ ಬಹುಪಾಲು ಎಲೆಗಳನ್ನು ಬರೆಯಬಹುದು. ಲೆಮನ್ ಯೆಲ್ಲೋಗೆ ವಿರಿಡಿಯನ್ ಒಂದಿಷ್ಟೇ ತಾಗಿಸಿದರೆ ತೂರಿಬಂದ ಬೆಳಕಿನ ಹಸಿರು ಸಿಗುತ್ತದೆ. ಇಲ್ಲಿ ಬಿಳಿಯನ್ನು ಸೇರಿಸಬಾರದು, ಏಕೆಂದರೆ ಬಿಳಿ ಬಣ್ಣವನ್ನು ತಣ್ಣಗಾಗಿಸಿ ಅಪಾರದರ್ಶಕವಾಗಿಸುತ್ತದೆ. ಅಲ್ಟ್ರಾಮರೀನ್ ಮತ್ತು ಲೆಮನ್ ಯೆಲ್ಲೋ ಬೆರೆಸಿ ಬರ್ನ್ಟ್ ಸಿಯೆನ್ನಾದಿಂದ ತುಸು ತಗ್ಗಿಸಿದರೆ ಎಲೆಯ ಸ್ವಂತ ಬಣ್ಣ ದೊರೆಯುತ್ತದೆ. ಬಿಳಿಗೆ ಅಲ್ಟ್ರಾಮರೀನ್ ಸೇರಿಸಿ, ಅದಕ್ಕೆ ಈ ಸ್ವಂತ ಬಣ್ಣದ ಲೇಶವನ್ನು ಕೂಡಿಸಿದರೆ ಆಕಾಶದ ಹೊಳಪು ಸಿದ್ಧ. ನೆರಳಿಗೆ ಕಪ್ಪು ಬೇಡ. ವಿರಿಡಿಯನ್ನಿಗೆ ಅಲಿಝರಿನ್ ಬೆರೆಸಿದರೆ ಕಪ್ಪಿಗೆ ಸಮೀಪವಾದ, ಆದರೆ ಒಳಗೆ ಬಣ್ಣ ಉಳಿಸಿಕೊಂಡ ಗಾಢತೆ ಬರುತ್ತದೆ. ಎಲೆಯ ಸ್ವಂತ ಬಣ್ಣದಲ್ಲೂ ನೆರಳಿನಲ್ಲೂ ಹಸಿರನ್ನು ನಂಬುವಂತೆ ಮಾಡುವುದು ಅದರ ವಿರುದ್ಧ ಬಣ್ಣವಾದ ಕೆಂಪಿನ ಸಣ್ಣ ಪಾಲು. ಕೆಂಪು ತಾಗದ ಹಸಿರು ಎಲೆಗೆ ಒಗ್ಗುವುದು ಅಪರೂಪ.

ಮೊದಲ ಅಭ್ಯಾಸಕ್ಕೆ ವೀಳ್ಯದೆಲೆಗಿಂತ ಉತ್ತಮವಾದ ಮಾದರಿ ನನಗೆ ತೋಚುವುದಿಲ್ಲ. ಮೈಸೂರು ವೀಳ್ಯದೆಲೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ದೇವರಾಜ ಮಾರುಕಟ್ಟೆಯಲ್ಲಿ ಒಂದು ಕಟ್ಟು ತಂದರೆ ಎಳೆಯದು, ಬಲಿತದ್ದು, ಮಡಿಸಿದ್ದು, ಅಂಚು ಮುದುಡಿದ್ದು ಎಲ್ಲವೂ ಅದರಲ್ಲೇ ಸಿಗುತ್ತವೆ. ಅದರ ಆಕಾರ ಸರಳ, ಮೈ ಹೊಳಪು. ತೊಟ್ಟಿನ ಬಳಿಯಿಂದ ಸಾಮಾನ್ಯವಾಗಿ 5ರಿಂದ 7 ನರಗಳು ಬಾಗಿ ತುದಿಯ ಕಡೆಗೆ ಸಾಗುವುದರಿಂದ ಎಲೆಯ ಉಬ್ಬುತಗ್ಗುಗಳನ್ನು ನರಗಳೇ ತಿಳಿಸುತ್ತವೆ. ಒಂದು ಎಲೆಯನ್ನು ಕಿಟಕಿಯ ಬಳಿ, ಬೆಳಕು ಒಂದೇ ಕಡೆಯಿಂದ ಬೀಳುವಂತೆ, ಬೂದು ಅಥವಾ ಮಣ್ಣಿನ ಬಣ್ಣದ ಬಟ್ಟೆಯ ಮೇಲೆ ಇಡಬೇಕು. ಬಿಳಿಯ ಬಟ್ಟೆಯ ಮೇಲೆ ಇಟ್ಟರೆ ಎಲೆ ಇರುವುದಕ್ಕಿಂತ ಗಾಢವಾಗಿ ಕಂಡು ಕಣ್ಣು ಮೋಸಹೋಗುತ್ತದೆ.

ಕ್ಯಾನ್ವಾಸ್ ಬೋರ್ಡಿನ ಬಿಳುಪನ್ನು ಮೊದಲು ಕಳೆಯಬೇಕು. ಬರ್ನ್ಟ್ ಸಿಯೆನ್ನಾವನ್ನು ಟರ್ಪೆಂಟೈನಿನಲ್ಲಿ ನೀರಾಗಿ ಕದಡಿ ಇಡೀ ಬೋರ್ಡಿಗೆ ಹಚ್ಚಿ, ಚಿಂದಿಬಟ್ಟೆಯಿಂದ ಒರೆಸಿ ಆರಲು ಬಿಟ್ಟರೆ ತೆಳುವಾದ ಕಾವಿಯ ನೆಲ ಉಳಿಯುತ್ತದೆ. ಮುಂದೆ ಹಚ್ಚುವ ಹಸಿರಿನ ಸಂದುಗಳಲ್ಲಿ ಇಣುಕುವ ಈ ಕೆಂಪು ಚಿತ್ರಕ್ಕೆ ತಾನಾಗಿಯೇ ಬಿಸುಪು ತರುತ್ತದೆ. ಇದರ ಮೇಲೆ ಎಲೆಯ ಹೊರರೇಖೆಯನ್ನು ತೆಳುವಾದ ಬಣ್ಣದಲ್ಲೇ ಗುರುತಿಸಿ, ನಡುನರವನ್ನು ಒಂದೇ ಬೀಸಿನಲ್ಲಿ ಎಳೆಯಬೇಕು. ಎಲೆ ಯಾವ ಕಡೆ ಬಾಗಿದೆ, ಎಲ್ಲಿ ನಮ್ಮಿಂದ ದೂರ ಸರಿಯುತ್ತದೆ ಎಂಬುದೆಲ್ಲ ಆ ಒಂದು ಗೆರೆಯಲ್ಲಿ ಅಡಗಿರುವುದರಿಂದ ಅದಕ್ಕೆ ಎಷ್ಟು ಹೊತ್ತು ಕೊಟ್ಟರೂ ನಷ್ಟವಿಲ್ಲ. ನಂತರ ಕಣ್ಣನ್ನು ಅರೆಮುಚ್ಚಿ ನೋಡಿ, ಎಲೆಯ ನೆರಳಿನ ಭಾಗವನ್ನೂ ಎಲೆಯಿಂದ ಬಟ್ಟೆಯ ಮೇಲೆ ಬಿದ್ದ ನೆರಳನ್ನೂ ಗಾಢ ಮಿಶ್ರಣದಿಂದ ತೆಳುವಾಗಿ ತುಂಬಬೇಕು. ಅದರ ಪಕ್ಕದಲ್ಲಿ ಎಲೆಯ ಸ್ವಂತ ಬಣ್ಣವನ್ನು ಸ್ವಲ್ಪ ದಪ್ಪವಾಗಿ ಇಟ್ಟು, ಎರಡೂ ಸೇರುವ ಕಡೆ ಒಣ ಬ್ರಷ್ಷಿನಿಂದ ನರಗಳ ದಿಕ್ಕಿನಲ್ಲಿ ಒಂದೆರಡು ಸಲ ಮಾತ್ರ ಸವರಬೇಕು. ಹೆಚ್ಚು ಸವರಿದಷ್ಟೂ ಎಲೆಯ ಬಿಗುವು ಹೋಗಿ ಅದು ಮೆತ್ತಗಾಗುತ್ತದೆ. ಹೊಳಪು ಕೊನೆಯದು: ಬೂದುನೀಲಿಯನ್ನು ಬ್ರಷ್ಷಿನ ಮೇಲೆ ಹೇರಳವಾಗಿ ತೆಗೆದುಕೊಂಡು, ಎರಡು ನರಗಳ ನಡುವೆ ಎಲೆಯ ಮೈ ಉಬ್ಬಿರುವ ಜಾಗದಲ್ಲಿ ಒಮ್ಮೆ ಇಟ್ಟು ಕೈ ತೆಗೆಯಬೇಕು. ಇಟ್ಟ ಮೇಲೆ ಅದನ್ನು ಮತ್ತೆ ಮುಟ್ಟುವ ಆಸೆಯನ್ನು ತಡೆದುಕೊಳ್ಳುವುದು ಈ ಇಡೀ ಕೆಲಸದ ಕಷ್ಟದ ಭಾಗ.

ನರಗಳ ವಿಷಯದಲ್ಲಿ ಆತುರ ಬೇಡ. ಎಲೆಯ ಮೇಲೆ ಬಿಳಿಯ ಗೆರೆಗಳನ್ನು ಎಳೆದುಬಿಟ್ಟರೆ ಅದು ಪಠ್ಯಪುಸ್ತಕದ ಸಸ್ಯಶಾಸ್ತ್ರದ ಚಿತ್ರವಾಗುತ್ತದೆಯೇ ಹೊರತು ವೀಳ್ಯದೆಲೆಯಾಗುವುದಿಲ್ಲ. ಇದಕ್ಕೆ ಸುಲಭವಾದ ದಾರಿಯೆಂದರೆ, ಬಣ್ಣ ಇನ್ನೂ ಹಸಿಯಾಗಿರುವಾಗಲೇ ಬ್ರಷ್ಷಿನ ಹಿಡಿಯ ತುದಿಯಿಂದ ಅಥವಾ ಮೊನಚಾಗಿಸಿದ ಬಿದಿರುಕಡ್ಡಿಯಿಂದ ಗೀರಿ ಕೆಳಗಿನ ತಿಳಿಯಾದ ನೆಲ ಕಾಣುವಂತೆ ಮಾಡುವುದು. ಹೀಗೆ ಗೀರಿದ ಗೆರೆ ಮೇಲೆ ಹಚ್ಚಿದ ಗೆರೆಗಿಂತ ಹೆಚ್ಚು ಸಹಜವಾಗಿರುತ್ತದೆ, ಏಕೆಂದರೆ ಅದರ ಎರಡು ಬದಿಯಲ್ಲೂ ಬಣ್ಣ ತುಸು ಒಡ್ಡುಗಟ್ಟಿ ನರದ ಅಂಚಿನ ನೆರಳು ತಾನಾಗಿಯೇ ಮೂಡುತ್ತದೆ. ಗೆರೆ ತೀರ ಕೆಂಪಾಗಿ ಕಂಡರೆ ತಿಳಿಹಸಿರನ್ನು ಉದ್ದ ಕೂದಲಿನ ಸಣ್ಣ ಬ್ರಷ್ಷಿನಿಂದ ಅದರೊಳಗೆ ಹರಿಸಬಹುದು. ಎಲ್ಲ ನರಗಳನ್ನೂ ತೋರಿಸಬೇಕಾಗಿಲ್ಲ. ಬೆಳಕು ಮತ್ತು ನೆರಳು ಸಂಧಿಸುವ ಕಡೆ ಸ್ಪಷ್ಟವಾಗಿ ತೋರಿಸಿ, ಹೊಳಪಿನಲ್ಲೂ ಆಳವಾದ ನೆರಳಿನಲ್ಲೂ ಅವು ಕಳೆದುಹೋಗಲು ಬಿಡಬೇಕು.

ಒಂದೇ ಎಲೆಯ ಅಭ್ಯಾಸ ಕೈಗೆ ಬಂದ ಮೇಲೆ ಒಂದೇ ಬೀಸಿನಲ್ಲಿ ಎಲೆ ಮೂಡಿಸುವುದನ್ನು ಕಲಿಯಬಹುದು. ಇದಕ್ಕೆ ತುದಿ ದುಂಡಗಿರುವ ಚಪ್ಪಟೆ ಬ್ರಷ್, ಅಂದರೆ ಅಂಗಡಿಗಳಲ್ಲಿ ಫಿಲ್ಬರ್ಟ್ ಎಂದು ಕೇಳಿದರೆ ಸಿಗುವ ಬ್ರಷ್, ಬಹಳ ಅನುಕೂಲ. ಅದರ ಒಂದು ಬದಿಗೆ ಗಾಢ ಹಸಿರನ್ನೂ ಇನ್ನೊಂದು ಬದಿಗೆ ತಿಳಿ ಹಸಿರನ್ನೂ ತೆಗೆದುಕೊಂಡು, ತೊಟ್ಟಿನ ಕಡೆ ಒತ್ತಿ, ಬ್ರಷ್ಷನ್ನು ಬೆರಳುಗಳ ನಡುವೆ ಸ್ವಲ್ಪ ಹೊರಳಿಸುತ್ತ ಎಳೆದು, ತುದಿಯಲ್ಲಿ ಮೆಲ್ಲನೆ ಎತ್ತಿದರೆ ಬೆಳಕು ನೆರಳು ಎರಡೂ ಇರುವ ಎಲೆ ಒಮ್ಮೆಲೇ ಸಿದ್ಧವಾಗುತ್ತದೆ. ಒತ್ತಿದ ಕಡೆ ಅಗಲ, ಎತ್ತಿದ ಕಡೆ ಚೂಪು. ಹೊಂಗೆ, ಮಾವು, ಸಂಪಿಗೆಯ ಎಲೆಗಳಿಗೆ ಈ ಬೀಸು ಹೇಳಿ ಮಾಡಿಸಿದಂತಿದೆ. ಅರಳಿ ಎಲೆಗೆ ಎರಡು ಬೀಸು ಬೇಕು, ನಡುನರದ ಆಚೆಗೊಂದು ಈಚೆಗೊಂದು. ಆಮೇಲೆ ಅದರ ನೀಳವಾದ ಬಾಲವನ್ನು ಸಣ್ಣ ಬ್ರಷ್ಷಿನಿಂದ ಎಳೆಯಬೇಕು. ಹಳೆಯ ದಿನಪತ್ರಿಕೆಯ ಹಾಳೆಗೆ ಗೆಸ್ಸೊ ಎಂಬ ಬಿಳಿಯ ತಳಬಣ್ಣ ಹಚ್ಚಿ ಒಣಗಿಸಿಕೊಂಡು ಅದರ ಮೇಲೆ ಸಾಲುಸಾಲಾಗಿ ಈ ಬೀಸನ್ನು ರೂಢಿಸಿಕೊಂಡರೆ ಖರ್ಚೂ ಕಡಿಮೆ.

ಬೀಸುಗಳಿಂದ ಹೊರರೇಖೆ ಎಲ್ಲೆಲ್ಲಿ ತಪ್ಪಿದೆಯೋ ಅಲ್ಲಿ ಎಲೆಯನ್ನು ತಿದ್ದಲು ಹೋಗದೆ ಹಿನ್ನೆಲೆಯ ಬಣ್ಣವನ್ನು ಎಲೆಯ ಅಂಚಿನವರೆಗೆ ತಂದು ಆಕಾರವನ್ನು ಕತ್ತರಿಸಿ ತೆಗೆಯಬೇಕು. ಬೇವಿನ ಎಲೆಯ ಗರಗಸದಂಥ ಅಂಚು, ಹರಿದ ಬಾಳೆಎಲೆಯ ಸೀಳುಗಳು ಇವೆಲ್ಲ ಹಿನ್ನೆಲೆಯಿಂದ ಕತ್ತರಿಸಿದಾಗಲೇ ಹರಿತವಾಗಿ ಬರುತ್ತವೆ. ಬಾಳೆಎಲೆಯಲ್ಲಿ ಪಕ್ಕದ ನರಗಳು ದಿಂಡಿನಿಂದ ಹೊರಟು ಅಂಚಿನವರೆಗೆ ಸಮಾಂತರವಾಗಿ ಸಾಗುತ್ತವೆ, ಸೀಳುವುದೂ ಅದೇ ದಿಕ್ಕಿನಲ್ಲಿ; ಹಾಗಾಗಿ ಅಗಲವಾದ ಚಪ್ಪಟೆ ಬ್ರಷ್ಷನ್ನು ದಿಂಡಿನಿಂದ ಅಂಚಿಗೆ ಎಳೆದರೆ ಅರ್ಧ ಕೆಲಸ ಮುಗಿದಂತೆ. ನಂಜನಗೂಡಿನ ಕಡೆಯ ರಸಬಾಳೆಯ ತೋಟದೊಳಗೆ ನಿಂತು ಮೇಲೆ ನೋಡಿದವರಿಗೆ ತೂರಿಬಂದ ಬೆಳಕಿನ ವೈಭವ ಏನೆಂಬುದು ಗೊತ್ತಾಗುತ್ತದೆ: ಅಲ್ಲಿ ಎಲೆಗಳೆಲ್ಲ ಹಳದಿಹಸಿರು, ಮೇಲಿನ ಎಲೆಯ ನೆರಳು ಕೆಳಗಿನ ಎಲೆಯ ಮೇಲೆ ಬಿದ್ದ ಕಡೆ ಮಾತ್ರ ಕಡುಹಸಿರು. ಮಂಡ್ಯದ ಕಬ್ಬಿನ ಗದ್ದೆಯ ಗರಿಗಳಲ್ಲಾದರೋ ಪರಿಸ್ಥಿತಿ ಇದಕ್ಕೆ ತದ್ವಿರುದ್ಧ. ಬಾಗಿದ ಗರಿಯ ಮೇಲ್ಮೈ ಆಕಾಶವನ್ನೇ ತೋರಿಸುವುದರಿಂದ ಅಲ್ಲಿ ಹಸಿರಿಗಿಂತ ಬೂದುನೀಲಿಯೇ ಹೆಚ್ಚು ಖರ್ಚಾಗುತ್ತದೆ.

ಚಿಗುರನ್ನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ನಮ್ಮ ನಾಡಿನಲ್ಲಿ ಎಲೆಯ ಚೆಲುವು ಅತಿ ಹೆಚ್ಚು ಕಾಣುವುದು ಯುಗಾದಿಯ ಆಸುಪಾಸಿನಲ್ಲಿ. ಮಾವಿನ ಚಿಗುರು ತಾಮ್ರದ ಬಣ್ಣದ್ದು, ಅರಳಿಯದು ನಸುಗೆಂಪು. ಎಳೆಯ ಎಲೆಯಲ್ಲಿ ಪತ್ರಹರಿತ್ತು ಇನ್ನೂ ತುಂಬಿಕೊಂಡಿರುವುದಿಲ್ಲ. ಆಂಥೋಸಯನಿನ್ ಎಂಬ ಕೆಂಪು ವರ್ಣದ್ರವ್ಯ ಇರುವುದರಿಂದ ಆ ಬಣ್ಣ ಬರುತ್ತದೆ. ಚಿಗುರು ತೆಳುವಾಗಿ ಜೋತುಬಿದ್ದಿರುವುದರಿಂದ ಬೆಳಕು ಅದರೊಳಗಿಂದ ಸುಲಭವಾಗಿ ಹಾಯುತ್ತದೆ. ಇದನ್ನು ದಪ್ಪ ಬಣ್ಣದಲ್ಲಿ ಹಿಡಿಯುವುದು ಕಷ್ಟ. ಮೊದಲು ಯೆಲ್ಲೋ ಆಕರ್ ಮತ್ತು ಬಿಳಿ ಬೆರೆಸಿ ಚಿಗುರಿನ ಆಕಾರವನ್ನು ತಿಳಿಯಾಗಿ ಬರೆದು, ಅದು ಚೆನ್ನಾಗಿ ಒಣಗಿದ ಮೇಲೆ ಅಲಿಝರಿನ್ ಮತ್ತು ಬರ್ನ್ಟ್ ಸಿಯೆನ್ನಾವನ್ನು ಅಗಸೆ ಎಣ್ಣೆಯಲ್ಲಿ ತೆಳುವಾಗಿಸಿ ಮೇಲಿನಿಂದ ಹರಡಬೇಕು. ಬೆಳಕು ಈ ಪಾರದರ್ಶಕ ಪದರವನ್ನು ದಾಟಿ, ಕೆಳಗಿನ ತಿಳಿಬಣ್ಣಕ್ಕೆ ಬಡಿದು ಮರಳಿ ಬರುವುದರಿಂದ ಎಲೆ ಒಳಗಿನಿಂದ ಬೆಳಗುತ್ತದೆ. ಗ್ಲೇಜ್ ಎಂದು ಕರೆಯುವ ಈ ತಂತ್ರ ಎಣ್ಣೆಬಣ್ಣದ ನಿಜವಾದ ಸಂಪತ್ತು. ಹೆಚ್ಚು ಬೇಕಾಗಿರುವುದು ಒಣಗುವವರೆಗೆ ಕಾಯುವ ಸಹನೆ.

ಇನ್ನು ಇಡೀ ಮರ. ಇಲ್ಲಿ ಒಂದೊಂದೇ ಎಲೆಯ ಪಾಠವನ್ನು ಬದಿಗಿಡಬೇಕಾಗುತ್ತದೆ. ಮೈಸೂರು ಸಾಂಪ್ರದಾಯಿಕ ಚಿತ್ರಕಲೆಯಲ್ಲಿ ರೇಖೆಯೇ ಪ್ರಧಾನವಾದ್ದರಿಂದ ಸಣ್ಣ ಕುಂಚದಲ್ಲಿ ಎಲೆ ಎಲೆಯನ್ನೂ ಬಿಡಿಸುವುದು ಆ ಪದ್ಧತಿಗೆ ಶೋಭೆ. ಎಣ್ಣೆಬಣ್ಣದ ದೃಶ್ಯಚಿತ್ರ ಬೆಳಕು ನೆರಳಿನ ರಾಶಿಗಳನ್ನು ನಂಬಿಕೊಂಡಿದೆ. 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯ ಕಲಾ ಗ್ಯಾಲರಿಯಲ್ಲಿ ರಾಜಾ ರವಿವರ್ಮನ ಎಣ್ಣೆಬಣ್ಣದ ಚಿತ್ರಗಳಿವೆ. ಅವುಗಳಲ್ಲಿ ಹಿನ್ನೆಲೆಗೆ ಗಿಡಮರಗಳಿರುವ ಚಿತ್ರದ ಮುಂದೆ ನಿಂತು, ಮುಖ ಒಡವೆಗಳನ್ನು ಬಿಟ್ಟು, ಎಲೆಗಳನ್ನು ಮಾತ್ರ ಹೇಗೆ ಬರೆಯಲಾಗಿದೆ ಎಂದು ನೋಡುವುದು ಒಳ್ಳೆಯ ಅಭ್ಯಾಸ. ಮರವನ್ನು ಬರೆಯುವಾಗ ಮೊದಲು ಇಡೀ ನೆರಳನ್ನು ಒಂದೇ ಗಾಢ ಆಕಾರವಾಗಿ ತೆಳುಬಣ್ಣದಲ್ಲಿ ತುಂಬಬೇಕು. ಅದರ ಮೇಲೆ ಬೆಳಕಿನ ಗೊಂಚಲುಗಳನ್ನು ನಡುಹಸಿರಿನಲ್ಲಿ ಇಟ್ಟು, ಎಲೆಗಳ ಗುರುತನ್ನು ಬೆಳಕು ನೆರಳು ಕೂಡುವ ಅಂಚಿನಲ್ಲೂ ಆಕಾಶಕ್ಕೆ ಎದುರಾದ ಹೊರ ಅಂಚಿನಲ್ಲೂ ಮಾತ್ರ ಕೊಡಬೇಕು. ಕೊನೆಯಲ್ಲಿ ಎಲೆಗಳ ಸಂದಿನಿಂದ ಕಾಣುವ ಆಕಾಶದ ಕಿಂಡಿಗಳನ್ನು ಇಡುವಾಗ ತೆರೆದ ಆಕಾಶದ ಬಣ್ಣಕ್ಕಿಂತ ಒಂದು ಮಟ್ಟ ಗಾಢವಾದ ಬಣ್ಣವನ್ನು ಬಳಸಬೇಕು. ಇಲ್ಲದಿದ್ದರೆ ಅವು ಮರದ ಮುಂದೆ ಅಂಟಿಸಿದ ಚುಕ್ಕಿಗಳಾಗುತ್ತವೆ. ದೂರದ ಮರಗಳಿಗೆ, ಉದಾಹರಣೆಗೆ ನಗರದಿಂದ ಕಾಣುವ ಚಾಮುಂಡಿ ಬೆಟ್ಟದ ಮೈಯ ಹಸಿರಿಗೆ, ಹಳದಿಯನ್ನು ಕಡಿಮೆ ಮಾಡಿ ನೀಲಿಯನ್ನೂ ಬಿಳಿಯನ್ನೂ ಹೆಚ್ಚಿಸಬೇಕು. ಹಸಿರಿಗೆ ಬಿಳಿ ನಿರ್ಭಯವಾಗಿ ಸೇರಬಹುದಾದ ಜಾಗ ಇದು.

ಈ ಎಲ್ಲ ಪದರಗಳು ಒಂದರ ಮೇಲೊಂದು ಬಾಳಬೇಕಾದರೆ ಎಣ್ಣೆ ಒಣಗುವ ರೀತಿಯನ್ನು ತಿಳಿದಿರಬೇಕು. ನೀರುಬಣ್ಣ ನೀರು ಆವಿಯಾಗಿ ಒಣಗುತ್ತದೆ. ಅಗಸೆ ಎಣ್ಣೆ ಆವಿಯಾಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾದ ಪೊರೆಯಾಗುತ್ತದೆ. ಎಣ್ಣೆ ಹೆಚ್ಚಿರುವ ಪದರ ನಿಧಾನವಾಗಿ ಒಣಗುತ್ತದೆ, ಹೆಚ್ಚು ಕಾಲ ಮೆದುವಾಗಿರುತ್ತದೆ. ಇಂಥ ಪದರದ ಮೇಲೆ ಟರ್ಪೆಂಟೈನ್ ಹೆಚ್ಚಿರುವ ಬಣ್ಣವನ್ನು ಹಚ್ಚಿದರೆ ಮೇಲಿನದು ಮೊದಲು ಗಟ್ಟಿಯಾಗಿ, ಕೆಳಗಿನದು ಅಲುಗಿದಾಗ ಬಿರುಕು ಬಿಡುತ್ತದೆ. ಆದ್ದರಿಂದ ಮೊದಲ ಪದರಗಳಲ್ಲಿ ಟರ್ಪೆಂಟೈನ್ ಹೆಚ್ಚು, ಮೇಲೆ ಹೋದಂತೆ ಎಣ್ಣೆ ಹೆಚ್ಚು ಎಂಬ ಕ್ರಮವನ್ನು ಮೀರಬಾರದು. ಅಂಬರ್, ಸಿಯೆನ್ನಾಗಳಂಥ ಮಣ್ಣಿನ ಬಣ್ಣಗಳು ಬೇಗ ಒಣಗುತ್ತವೆ, ಅಲಿಝರಿನ್ ತಡಮಾಡುತ್ತದೆ. ಜುಲೈ, ಆಗಸ್ಟ್ ತಿಂಗಳ ಜಿಟಿಮಳೆಯಲ್ಲಿ ಎಲ್ಲವೂ ಇನ್ನಷ್ಟು ತಡವಾಗುತ್ತವೆ.

ಎಣ್ಣೆ ಆಮ್ಲಜನಕವನ್ನು ಹೀರುವಾಗ ಶಾಖ ಹುಟ್ಟುತ್ತದೆ ಎಂಬುದನ್ನು ಮನೆಯಲ್ಲಿ ಚಿತ್ರ ಬರೆಯುವವರು ಮುಖ್ಯವಾಗಿ ನೆನಪಿಡಬೇಕು. ಅಗಸೆ ಎಣ್ಣೆ ಮೆತ್ತಿದ ಚಿಂದಿಗಳನ್ನು ಉಂಡೆಮಾಡಿ ಮೂಲೆಗೆ ಎಸೆದರೆ ಶಾಖ ಒಳಗೇ ಸೇರಿಕೊಂಡು ಅವು ತಾವಾಗಿಯೇ ಹೊತ್ತಿಕೊಳ್ಳುವ ಅಪಾಯವಿದೆ. ಅವುಗಳನ್ನು ಬಿಡಿಬಿಡಿಯಾಗಿ ಹೊರಗೆ ಹರಡಿ ಒಣಗಿಸಬೇಕು, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿಡಬೇಕು. ಟರ್ಪೆಂಟೈನ್ ಬಳಸುವಾಗ ಕಿಟಕಿಗಳು ತೆರೆದಿರಬೇಕು, ದೀಪವೂ ಒಲೆಯೂ ಹತ್ತಿರದಲ್ಲಿ ಇರಬಾರದು.

ಮುಗಿದ ಚಿತ್ರ ಮುಟ್ಟಲು ಒಣಗಿದಂತೆ ಕಂಡರೂ ಒಳಗೆ ಪೂರ್ತಿ ಒಣಗಿರುವುದಿಲ್ಲವಾದ್ದರಿಂದ ವಾರ್ನಿಶ್ ಹಚ್ಚಲು 6 ತಿಂಗಳಿಂದ ಒಂದು ವರ್ಷದವರೆಗೆ ಕಾಯುವುದು ರೂಢಿ. ಆ ಅವಧಿಯಲ್ಲಿ ಚಿತ್ರವನ್ನು ಬೀರುವಿನ ಹಿಂದೆ ಕತ್ತಲಲ್ಲಿ ಇಡಬಾರದು. ಕತ್ತಲಲ್ಲಿ ಅಗಸೆ ಎಣ್ಣೆ ಹಳದಿಗೆ ತಿರುಗುತ್ತದೆ. ಅದರಿಂದ ಮೊದಲು ಕೆಡುವುದು ಬಹಳ ಕಷ್ಟಪಟ್ಟು ಇಟ್ಟ ಆ ಬೂದುನೀಲಿಯ ಹೊಳಪು. ಹಾಗೆ ಹಳದಿಯಾದ ಚಿತ್ರವನ್ನು ನೇರ ಬಿಸಿಲು ಬೀಳದ, ಆದರೆ ಚೆನ್ನಾಗಿ ಬೆಳಕಿರುವ ಗೋಡೆಗೆ ಕೆಲವು ವಾರ ತೂಗುಹಾಕಿದರೆ ಆ ಹಳದಿ ಬಹುಮಟ್ಟಿಗೆ ಇಳಿಯುತ್ತದೆ.